ಲಂಡನ್ನಿಗೆ ಹೋದ ಹೋರಿ, ಸಿಂಗಪುರಕ್ಕೆ ಹೋದ ಚಪ್ಪಲಿ

ಕಂಬಂ ಕಣಿವೆಯ ನಮ್ಮ ಕಾಮಯಗೌಂಡನ್‌ಪಟ್ಟಿಯಲ್ಲಿ ಸುಳ್ಳಿಗೆ ಎಂದೂ ಬರ ಬಂದದ್ದಿಲ್ಲ. ದ್ರಾಕ್ಷಿ ಬೆಳೆಯುವ ಊರು. ಹುಳಿ ಗೊಂಚಲನ್ನು ಕಲ್ಲುಸಕ್ಕರೆ ಎನ್ನದೆ ಲಾರಿ ಹತ್ತಿಸಲು ಆಗುತ್ತದೆಯೇ? ಆದರೆ ಅವರೆಲ್ಲ ಲಾಭಕ್ಕೆ ಸುಳ್ಳು ಹೇಳುವ ಮರ್ಯಾದಸ್ಥರು. ಕವಡೆಯಷ್ಟೂ ಲಾಭವಿಲ್ಲದೆ, ಬಾಯಿ ಸುಮ್ಮನಿರಬಾರದು ಎಂಬ ಒಂದೇ ಕಾರಣಕ್ಕೆ ಹೇಳಿದವನು ನನ್ನ ಪಕ್ಕದ ಮನೆಯ ಪೆರಿಯಣ್ಣನ್ ಒಬ್ಬನೇ. ಅವನ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಕಟ್ಟಿದವರು ಇಟ್ಟಿಗೆಗೆ ಜಿಪುಣತನ ಮಾಡಿದ್ದರಿಂದ ಅದು ಗಾಳಿಯನ್ನು ತಡೆಯುತ್ತದೆ, ಮಾತನ್ನು ತಡೆಯುವುದಿಲ್ಲ. ಹಾಗಾಗಿ ಅವನ ಸುಳ್ಳುಗಳನ್ನೆಲ್ಲ ನಾನು ಕೂತಲ್ಲೇ ಕೇಳಿದ್ದೇನೆ. ಅವನ ಹೆಂಡತಿ ತಂಗಮ್ಮಾಳ್‌ಗಾದರೂ ಎದ್ದು ಹಿತ್ತಲಿಗೆ ಹೋಗುವ ದಾರಿಯಿತ್ತು.

ಸುರುಳಿ ಬೆಟ್ಟದ ದಾರಿಯಲ್ಲಿ ಅವನಿಗೆ ಹುಲಿ ಎದುರಾಯಿತಂತೆ. ಇವನು ಬೀಡಿ ಬಾಯಲ್ಲಿಟ್ಟುಕೊಂಡು ಹುಲಿಯ ಹತ್ತಿರ ಬೆಂಕಿ ಕೇಳಿದನಂತೆ. ಇಲ್ಲವೆನ್ನಲು ನಾಚಿಕೆಯಾಗಿ ಹುಲಿ ತಲೆ ತಗ್ಗಿಸಿ ಹೋಯಿತಂತೆ. ಒಡ್ಡನ್‌ಛತ್ರಂ ಮಾರುಕಟ್ಟೆಯಲ್ಲಿ ನುಗ್ಗೆಕಾಯಿ ಲಾರಿಯ ಮೇಲೆ ನಿದ್ದೆ ಹೋಗಿದ್ದಾಗ ಒಬ್ಬ ದಲ್ಲಾಳಿ ಇವನ ಕಾಲು ಹಿಚುಕಿ ನೋಡಿ, ‘ಬಲಿತುಹೋಗೈತೆ, ಬ್ಯಾಡ’ ಎಂದು ಬಿಟ್ಟುಹೋದನಂತೆ. ಆಡಿ ತಿಂಗಳ, ಅಂದರೆ ಆಷಾಢದ ಗಾಳಿ ಇವನ ಅಂಗಿಯನ್ನು ಕಿತ್ತುಕೊಂಡು ಕೇರಳಕ್ಕೆ ಹೋಗಿ, ವಾರ ಕಳೆದ ಮೇಲೆ ಇಸ್ತ್ರಿ ಮಾಡಿ ತಂದುಕೊಟ್ಟಿತಂತೆ. ನಮ್ಮ ಕಣಿವೆಯ ಗಾಳಿ ಹೆಂಚು ಹಾರಿಸುವುದನ್ನು ನೋಡಿದ್ದೇನೆ. ಇಸ್ತ್ರಿ ಮಾಡುವಷ್ಟು ಪುರುಸೊತ್ತು ಅದಕ್ಕೆ ಯಾವಾಗ ಸಿಕ್ಕಿತೋ ಕಾಣೆ.

ಹೊಟ್ಟೆಪಾಡಿಗೆ ಕಂಬಂನಲ್ಲಿ ಗೊಬ್ಬರದ ಅಂಗಡಿಯ ಮಾಳಿಗೆಯ ಮೇಲೆ ಟೈಪಿಂಗ್ ಕಲಿಸುತ್ತಿದ್ದ. ಸರ್ಕಾರಿ ಕೆಲಸದ ಕನಸು ಕಂಡವರೆಲ್ಲ ಅಲ್ಲಿ ಬಂದು ಟಕಟಕ ಬಡಿದು, ಗೊಬ್ಬರದ ನಾತ ಕುಡಿದು ಹೋಗುತ್ತಿದ್ದರು. ಇವನ ಬೆರಳುಗಳು ಅಕ್ಷರ ನೋಡದೆ ಓಡುತ್ತಿದ್ದವು. ಹಿಂದೆಮುಂದೆ ನೋಡದೆ ಓಡುವ ನಾಲಿಗೆಗೆ ತಕ್ಕ ಜೋಡಿ.

ತಂಗಮ್ಮಾಳ್ ಕಂಬಂನ ಹೆಣ್ಣು. ಮದುವೆಯಾದ ಹೊಸದರಲ್ಲಿ ದಿಂಡುಕ್ಕಲ್ಲಿಗೆ ನೆಂಟರ ಮದುವೆಗೆ ಹೋದವಳು ಗಂಡನಿಗೆಂದು ಒಂದು ಜೊತೆ ತೊಗಲಿನ ಚಪ್ಪಲಿ ತಂದಳು. ಅದರ ಕಿರ್ ಕಿರ್ ಸದ್ದು ಬೀದಿಯ ತುದಿಗೇ ಕೇಳುತ್ತಿತ್ತು. ಅದನ್ನು ಮೆಟ್ಟಿಕೊಂಡು ಅವನು ಬರುವುದನ್ನು ನೋಡಬೇಕಿತ್ತು, ತಾಸೀಲ್ದಾರನೇ ದಾರಿ ಬಿಡಬೇಕು, ಹಾಗೆ.

ಅದೇ ವರ್ಷ ಅವಳ ತಮ್ಮ ಶಿವಬಾಲನ್ ಸಿಂಗಪುರದಿಂದ ಮೊದಲ ರಜೆಗೆ ಬಂದ. ಅಕ್ಕನಿಗೆಂದು ಒಂದು ಟಿವಿ ತಂದ. ಜೊತೆಗೆ ಹಲಗೆಯಷ್ಟು ಅಗಲದ, ಮೇಲೆಲ್ಲ ಅಕ್ಷರದ ಗುಂಡಿಗಳಿದ್ದ ಇನ್ನೊಂದು ಪೆಟ್ಟಿಗೆ ತಂದ. ಮನೆಯಲ್ಲಿಟ್ಟುಕೊಳ್ಳುವ ಕಂಪ್ಯೂಟರ್, ಟಿವಿಗೆ ಸಿಕ್ಕಿಸಬೇಕು ಎಂದ. ಅದರಿಂದ ಏನು ಮಾಡುವುದು ಎಂದು ಕೇಳಿದರೆ, ‘ಅಲ್ಲಿ ಎಲ್ಲಾರ ಮನೇಲೂ ಐತೆ’ ಎಂದ. ಅದಕ್ಕಿಂತ ಹೆಚ್ಚು ಅವನಿಗೂ ಗೊತ್ತಿರಲಿಲ್ಲ.

ಆ ವರ್ಷದ ಪೊಂಗಲ್‌ಗೆ ಎಲ್ಲರೂ ತೊಳುವಿಗೆ ಹೋದರು. ತೊಳು ಎಂದರೆ ದೇವರ ದನಗಳ ದೊಡ್ಡಿ. ನಮ್ಮ ಕನ್ನಡದ ಜನ ಈ ತಮಿಳು ಸೀಮೆಯ ಕಣಿವೆಗೆ ಏಕೆ ಬಂದರು, ಯಾರಿಗೆ ಹೆದರಿ ಬಂದರು ಎಂದು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ದನ ಹೊಡೆದುಕೊಂಡು ಬಂದರು ಎಂಬುದರಲ್ಲಿ ಮಾತ್ರ ಜಗಳವಿಲ್ಲ. ಆ ಮಂದೆಗೆ ಒಂದು ಪಟ್ಟದ ಹೋರಿ ಇರುತ್ತದೆ. ಅದು ತೀರಿಕೊಂಡರೆ ಇನ್ನೊಂದನ್ನು ನಾವು ಆರಿಸುವುದಿಲ್ಲ. ಮಂದೆಯ ಮುಂದೆ ಕಬ್ಬಿನ ಕಟ್ಟು ಇಡುತ್ತೇವೆ, ಯಾವುದು ಮೊದಲು ಬಂದು ಬಾಯಿ ಹಾಕುತ್ತದೋ ಅದಕ್ಕೆ ಪಟ್ಟ. ಓಟು ಹಾಕಿ ಆರಿಸಿದವರನ್ನೂ ನೋಡಿದ್ದೇನೆ, ಈ ಹೋರಿಗಳನ್ನೂ ನೋಡಿದ್ದೇನೆ. ಹೋರಿಗಳೇ ವಾಸಿ. ಇನ್ನು, ತೊಳುವಿನೊಳಗೆ ಚಪ್ಪಲಿ ಕಾಲಿಡುವಂತಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ. ತುತ್ತನ್ನು ಬಾಯಿಗೆ ಹಾಕಿಕೋ, ಕಿವಿಗೆ ಹಾಕಿಕೊಳ್ಳಬೇಡ ಎಂದು ಹೇಳಿಕೊಡುತ್ತಾರೆಯೇ?

ಶಿವಬಾಲನ್ ಅಲ್ಲಿಂದಲೇ ನೇರ ಮಧುರೆಗೆ ಹೊರಟ, ಅಲ್ಲಿಂದ ವಿಮಾನಕ್ಕೆ. ಪೆರಿಯಣ್ಣನ್ ಮನೆಗೆ ಬರಿಗಾಲಲ್ಲಿ ಬಂದ. ಗೋಡೆಯಾಚೆಯಿಂದ ನನಗೆ ಕೇಳಿಸಿತು.

“ಚಪ್ಪಲಿ ಎಲ್ಲಿ?”

“ನಿನ್ನ ತಮ್ಮ ಹಾಕ್ಕಂಡು ಹೋದ.”

ಅಷ್ಟೇ. ಹುಲಿಯಿಲ್ಲ, ಗಾಳಿಯಿಲ್ಲ, ದಲ್ಲಾಳಿಯಿಲ್ಲ. ಹುಲಿ ಒಯ್ದಿತು ಎಂದಿದ್ದರೆ ತಂಗಮ್ಮಾಳ್ ನಕ್ಕು ಬಿಡುತ್ತಿದ್ದಳೋ ಏನೋ. ತಮ್ಮನ ಹೆಸರು ಬಂದದ್ದೇ ತಡ, ಪಾತ್ರೆ ಬಿದ್ದ ಸದ್ದು.

“ಸಿಂಗಪುರದಾಗ ಬೂಟು ಹಾಕೋ ಪಿಳ್ಳೆಗೆ ನಿಮ್ಮ ಮೆಟ್ಟು ಬೇಕಾಗಿತ್ತಾ? ಸುಳ್ಳು ಪುಳುಗೋದಿಕ್ಕೂ ಒಂದು ಮರ್ಯಾದೆ ಬ್ಯಾಡ್ವಾ?”

ಮುಂದಿನ ರಜೆಗೆ ಬಂದ ತಮ್ಮನನ್ನು ಅವಳು ಎಲ್ಲರೆದುರೂ ಕೇಳಿದಳು. ಅವನು ‘ಅವ್ವನ ಮೇಲಾಣೆ, ನಾ ಮುಟ್ಟಿಲ್ಲ’ ಎಂದ. ಅವರವ್ವ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಆಣೆ ಇಟ್ಟವನು ಎದ್ದು ಕಾಪಿ ಕುಡಿದ. ಅಂದಿನಿಂದ ಪೆರಿಯಣ್ಣನ್ ಏನು ಹೇಳಿದರೂ ತಂಗಮ್ಮಾಳ್‌ಗೆ ಒಂದೇ ಮಾತು: “ಚಪ್ಪಲಿ ನನ್ನ ತಮ್ಮ ಹಾಕ್ಕಂಡು ಹೋದ ಅಂತ ಅಂದ ಬಾಯಿ ತಾನೇ ಇದು?” ಮಳೆ ಬರುತ್ತಿದೆ ಎಂದು ಅವನು ಹೇಳಿದರೂ ಅಂಗಳಕ್ಕೆ ಹೋಗಿ ಅಂಗೈ ಚಾಚಿ ನೋಡಿ ಬರುತ್ತಿದ್ದಳು.

ಆ ಎರಡು ರಜೆಗಳ ನಡುವೆಯೇ ಪೆರಿಯಣ್ಣನ್ ಆ ಪೆಟ್ಟಿಗೆಯಲ್ಲಿ ಒಂದು ಆಟ ಕಟ್ಟಿದ್ದು. ಪೆಟ್ಟಿಗೆಯ ಜೊತೆ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಬಂದಿತ್ತು. ಅದನ್ನು ಕಾಲ ಮೇಲಿಟ್ಟುಕೊಂಡು ಟಿವಿಯ ಮುಂದೆ ಕೂತ. ಕೊಡೈಕಾನಲ್ ಟವರ್‌ನಿಂದ ಚಿತ್ರ ಬರತೊಡಗಿದ್ದ ಕಾಲ. ಭಾನುವಾರದ ಸಿನಿಮಾಕ್ಕೆ ಬೀದಿಗೆ ಬೀದಿಯೇ ಬಂದು ಕೂತರೆ, ಟಿವಿಯಲ್ಲಿ ನಾಯಕಿಯಿಲ್ಲ, ಇವನ ಇಂಗ್ಲಿಷ್ ಸಾಲುಗಳು ಇರುವೆಯಂತೆ ಹತ್ತುತ್ತಿದ್ದವು.

“ಏನ್ ಪೆರಿಯಣ್ಣಾ, ಸಿನಿಮಾ ಹಾಕೋ.”

“ಇರಪ್ಪಾ, ಮಂದೆ ಹೊಳೆ ದಾಟ್ತಾ ಐತೆ.”

“ಎಲ್ಲಿ ಮಂದೆ? ಬರೀ ಚುಕ್ಕಿ.”

“ಅದೇ ಮಂದೆ.”

ಚುಕ್ಕಿಗಳನ್ನು ಮಂದೆ ಎಂದು ನಂಬಲು ನಮ್ಮ ಬೀದಿ ಅಷ್ಟೇನೂ ದಡ್ಡ ಬೀದಿಯಲ್ಲ. ಸಿನಿಮಾ ತಪ್ಪಿಸಿದವನು ಎಂದು ಅವನ ಮೇಲೆ ಹಗೆ ಸಾಧಿಸಿತು. ಎರಡನೇ ರಜೆಗೆ ಬಂದ ಶಿವಬಾಲನ್ ಪೆಟ್ಟಿಗೆಯನ್ನೂ, ಆಟ ತುಂಬಿಸಿಟ್ಟಿದ್ದ ಕ್ಯಾಸೆಟ್ಟನ್ನೂ ಎತ್ತಿಕೊಂಡು, ‘ನಮ್ಮ ಆಫೀಸಿನಾಗ ಒಬ್ಬ ಇಂಗ್ಲಿಷಿನವನು ಅವ್ನೆ ಬಾವ, ತೋರಿಸ್ತೀನಿ’ ಎಂದು ಹೋದ. ಆಮೇಲೆ ಸುದ್ದಿಯಿಲ್ಲ. ಪೆರಿಯಣ್ಣನ್ ಮಾತ್ರ ‘ನನ್ನ ಆಟ ಲಂಡನ್‌ಗೆ ಹೋಗೈತೆ’ ಎಂದು ಹೇಳುತ್ತಲೇ ಇದ್ದ. ಬೀದಿ ಅದನ್ನು ಹುಲಿಯ ಪಕ್ಕದಲ್ಲಿ, ಇಸ್ತ್ರಿ ಅಂಗಿಯ ಹಿಂದೆ ಎತ್ತಿಟ್ಟಿತು. ಟೈಪಿಂಗ್ ಕಲಿಯುವವರು ಕಮ್ಮಿಯಾದರು, ಮಾಳಿಗೆ ಗೊಬ್ಬರದವನ ಗೋದಾಮಾಯಿತು, ಇವನು ಮುದುಕನಾದ. ಶಿವಬಾಲನ್ ಊರಿಗೆ ಮರಳಿ ಕಂಬಂನಲ್ಲಿ ಮಹಡಿ ಮನೆ ಕಟ್ಟಿ, ಜನಾಂಗದ ಸಂಘಕ್ಕೆ ಅಧ್ಯಕ್ಷನಾದ. ಅದಕ್ಕೆ ಕಬ್ಬಿನ ಕಟ್ಟು ಇಟ್ಟು ಆರಿಸುವ ಪದ್ಧತಿಯಿಲ್ಲ.

ಈ ವರ್ಷ ದ್ರಾಕ್ಷಿ ಕೊಯ್ಲು ಮುಗಿದ ಮೇಲೆ ಒಂದು ಬೆಳಗ್ಗೆ ತಂಗಮ್ಮಾಳ್ ರೇಷ್ಮೆ ಸೀರೆ ಉಟ್ಟುಕೊಂಡು ಬಂದು ನನ್ನ ಬಾಗಿಲಲ್ಲಿ ನಿಂತಳು.

“ಪಿಚ್ಚಕ್ಕಾ, ಹೊರಡು. ನನ್ನ ತಮ್ಮ ಹಳೇ ಕಾಲದಾಗ ಕಂಪ್ಯೂಟರ್ ಆಟ ಮಾಡಿದ್ನಂತೆ. ಮದ್ರಾಸಿಂದ ಒಬ್ಬಳು ಡಾಕ್ಟರಮ್ಮ ಹುಡುಕ್ಕಂಡು ಬಂದವಳೆ. ಶಾಲು ಹೊದಿಸ್ತಾರಂತೆ.”

“ನಿನ್ನ ಗಂಡ ಅಲ್ವೇನೇ ಮಾಡಿದ್ದು?”

“ಇವರಾ? ಚಪ್ಪಲಿ ನನ್ನ ತಮ್ಮ...”

“ಗೊತ್ತು ಬಿಡು,” ಎಂದು ಸೀರೆ ಬದಲಿಸಿದೆ.

ಪೆರಿಯಣ್ಣನ್ ಬರುವುದಿಲ್ಲ ಎಂದು ಒಳಗೆ ಕೂತಿದ್ದ. ಆದರೆ ಷೇರ್ ಆಟೋ ಹತ್ತಿ ನೋಡುತ್ತೇನೆ, ಡ್ರೈವರನ ಪಕ್ಕದಲ್ಲಿ ಅರ್ಧ ತೊಡೆ ಹೊರಗೆ ಹಾಕಿಕೊಂಡು ಅವನೇ ಕೂತಿದ್ದಾನೆ. ದಾರಿಯುದ್ದಕ್ಕೂ ಒಂದು ಸುಳ್ಳಿಲ್ಲ. ಮೈಗೆ ಹುಷಾರಿಲ್ಲವೇನೋ ಎಂದು ನನಗೆ ಭಯವಾಯಿತು.

ಬಂದಿದ್ದವಳ ಹೆಸರು ಯುವಶ್ರೀ. ತೇನಿಯ ಕಡೆಯ ನಮ್ಮ ಜನರ ಹುಡುಗಿಯೇ, ಬೆಳೆದದ್ದು ಮದ್ರಾಸಿನಲ್ಲಿ. ಹಲ್ಲಿನ ಡಾಕ್ಟರು. ಕೆಲಸವಿಲ್ಲದಾಗ ಹಳೆಯ ಕಂಪ್ಯೂಟರ್ ಆಟಗಳ ಬೇರು ಹುಡುಕುವುದು ಅವಳ ಚಟ. ಬೇರಿನ ಚಟ ಹಲ್ಲಿನಿಂದಲೇ ಹತ್ತಿರಬೇಕು. “ನಮ್ಮ ಮಾತು ಕೇಳಿದ್ರೆ ಎಲ್ಲಾ ಪುರಿಯುತ್ತೆ, ಅರ್ಥ ಆಗುತ್ತೆ ಪಾಟಿ, ಮಾತಾಡೋಕೆ ತಾನ್ ಬರಲ್ಲ,” ಎಂದು ತಮಿಳು ಬೆರೆಸಿ ಹೇಳಿ ಈ ಅಜ್ಜಿಯ ಪಕ್ಕದಲ್ಲೇ ಕೂತಳು. ಚೆನ್ನಾಗಿಯೇ ಮಾತಾಡಿದಳು.

ಅವಳು ಹೇಳಿದ್ದು ಇಷ್ಟು. ಆಗಿನ ಕಾಲದಲ್ಲಿ ಇಂಗ್ಲೆಂಡಿನ ಒಂದು ಸಣ್ಣ ಅಂಗಡಿ ಒಂದು ಕ್ಯಾಸೆಟ್ ಮಾರಿತ್ತು, ‘ಬುಲ್ ಕಿಂಗ್’ ಎಂಬ ಆಟ. ಆಡುವವನೇ ದನಗಾಹಿ, ಮಂದೆ ಹೊಡೆದುಕೊಂಡು ಬೆಟ್ಟ, ಹೊಳೆ, ಕಾಡು ದಾಟಬೇಕು, ಶಕ್ತಿ ಗಳಿಸಬೇಕು, ಕೊನೆಗೆ ಹೊಸ ರಾಜನನ್ನು ಕೂರಿಸಬೇಕು. ಮಾಡಿದವನ ಹೆಸರಿಲ್ಲ. ‘ಎಸ್. ಬಿ., ಸಿಂಗಪುರ’ ಎಂದಷ್ಟೇ. ಅದು ಎಲ್ಲಿಯ ಕಥೆ ಎಂದು ಓದಿದವರೆಲ್ಲ ತಲೆ ಕೆಡಿಸಿಕೊಂಡರಂತೆ. ಒಬ್ಬರು ಸ್ಪೇನ್ ದೇಶದ ಗೂಳಿಕಾಳಗ ಎಂದರಂತೆ, ಇನ್ನೊಬ್ಬರು ಈಜಿಪ್ಟಿನ ಹೋರಿ ದೇವರು ಎಂದರಂತೆ. ಹೋರಿಯ ಮುಂದಿಡಲು ದನಗಾಹಿ ಹೊತ್ತೊಯ್ಯುವ ಕೋಲು ಮಾಂತ್ರಿಕನ ದಂಡ ಎಂದು ಒಬ್ಬ ಪಂಡಿತ ಬಹಳ ಬರೆದಿದ್ದಾನಂತೆ. ಯುವಶ್ರೀ ಅದನ್ನು ನೋಡಿದ ಕೂಡಲೇ ‘ಅಯ್ಯೋ ಕಬ್ಬು’ ಎಂದಳಂತೆ. ಹಾಗೆ ನಮ್ಮ ಕಣಿವೆಗೆ ಬಂದಳು, ಸಂಘದಲ್ಲಿ ವಿಚಾರಿಸಿದಳು. ಎಸ್. ಬಿ. ಎಂದದ್ದೇ ಅಧ್ಯಕ್ಷರು ಎದೆ ಮುಟ್ಟಿಕೊಂಡರು. ಹೊರದೇಶದ ಒಂದು ವಸ್ತುಸಂಗ್ರಹಾಲಯದಲ್ಲಿ ಆ ಕ್ಯಾಸೆಟ್ಟಿನ ಕೆಳಗೆ ಒಂದು ಹೆಸರು ಕೆತ್ತಿಸುತ್ತಾರಂತೆ. ಕೆತ್ತಿದ ಮೇಲೆ ಅದೇ ನಿಜ.

ಅಧ್ಯಕ್ಷರ ಹಜಾರದಲ್ಲಿ ಬಾಗಿಲಿನಷ್ಟು ದೊಡ್ಡ ಟಿವಿ. ಯುವಶ್ರೀ ಅದಕ್ಕೆ ತನ್ನ ಲ್ಯಾಪ್‌ಟಾಪ್ ಸಿಕ್ಕಿಸಿ ಆಟ ಹಾಕಿದಳು. ಶಿವಬಾಲನ್ ಮಧ್ಯದ ಕುರ್ಚಿಯಲ್ಲಿ, ಮಡಿಲಲ್ಲಿ ಶಾಲು. ನಾನೂ ತಂಗಮ್ಮಾಳೂ ಗೋಡೆಯ ಪಕ್ಕ. ಪೆರಿಯಣ್ಣನ್ ಒಳಗೆ ಬರದೆ ಜಗಲಿಯ ಮೇಲೆ, ಕಿಟಕಿಯ ಹತ್ತಿರ.

ಬಂದವು ಮತ್ತೆ ಅದೇ ಚುಕ್ಕಿಗಳು. ಆಟ ಮುಂದೆ ಹೋದಂತೆ ಇಂಗ್ಲಿಷಿನಲ್ಲಿ ಒಂದೊಂದು ಸಾಲು ಬರುತ್ತಿತ್ತು. ಅವಳು ನಮಗಾಗಿ ನಮ್ಮ ಮಾತಿನಲ್ಲಿ ಹೇಳುತ್ತಿದ್ದಳು.

“ಹೊರಡೋ ಮುಂಚೆ ಹೆಂಡತಿ ಚಪ್ಪಲಿ ಕೊಡ್ತಾಳೆ. ಶಕ್ತಿ ಜಾಸ್ತಿ ಆಗುತ್ತೆ.” ಸ್ವಲ್ಪ ಹೊತ್ತಾದ ಮೇಲೆ, “ಹುಲಿ ಬಂತು. ನೀನು ಅದರ ಹತ್ರ ಬೆಂಕಿ ಕೇಳ್ತೀಯ. ಅದರ ಹತ್ರ ಇಲ್ಲ. ಅದು ನಾಚಿಕೊಂಡು ಹೋಗುತ್ತೆ.”

ನಾನು ತಂಗಮ್ಮಾಳ್ ಮುಖ ನೋಡಿದೆ. ಅವಳು ಟಿವಿ ನೋಡುತ್ತಿದ್ದಳು.

“ಗಾಳಿ ನಿನ್ನ ಅಂಗಿ ತೆಗೆದುಕೊಂಡು ಹೋಗುತ್ತೆ... ಇಸ್ತ್ರಿ ಮಾಡಿ ವಾಪಸ್ ತರುತ್ತೆ. ಪಾಟಿ, ಇದನ್ನ ದೊಡ್ಡ ಕವಿತೆ ಅಂತ ಬರೆದವ್ರೆ ಅಲ್ಲಿ.”

“ಬರೀಲಿ ಕಂದಾ,” ಎಂದೆ. “ನಮ್ಮ ಗೋಡೆ ಆ ಕವಿತೆನ ನಲವತ್ತು ವರ್ಷದಿಂದ ಕೇಳ್ತಾ ಐತೆ.” ನುಗ್ಗೆಕಾಯಿ ಲಾರಿ ಇನ್ನೂ ಬಂದಿಲ್ಲವಾ ಎಂದೂ ಕೇಳಿದೆ. ಯುವಶ್ರೀ ನನ್ನ ಕಡೆ ತಿರುಗಿದಳು. ಲಾರಿ ಬಂದದ್ದು ಆಮೇಲೆ.

ಶಿವಬಾಲನ್ ಕೆಮ್ಮಿದ. “ಬಾವ ಹೇಳ್ತಿದ್ದ ಕತೆಗಳನ್ನ ನಾನೂ ಕೇಳಿದ್ನಲ್ಲ ಅಕ್ಕಾ. ಆಟಕ್ಕೆ ಸೇರಿಸ್ಕಂಡೆ.”

ಅದೂ ಸರಿಯೇ. ತಂಗಮ್ಮಾಳ್ ತಲೆಯಾಡಿಸಿದಳು. ಕಿಟಕಿಯಲ್ಲಿ ಪೆರಿಯಣ್ಣನ್ ಮುಖ ಇನ್ನಷ್ಟು ಸಣ್ಣದಾಯಿತು. ಒಂದು ಜೀವಮಾನ ಸುಳ್ಳು ಹೇಳಿದರೆ ಅದರಲ್ಲೂ ಪಾಲು ಕೇಳುವವರು ಬರುತ್ತಾರೆ.

ಕೊನೆಗೆ ದೊಡ್ಡಿಯ ಬಾಗಿಲು ಬಂತು. ದನಗಾಹಿ ಚುಕ್ಕಿ ಬಾಗಿಲು ದಾಟಿತು, ಸತ್ತುಬಿತ್ತು.

“ಇದೇ ನೋಡಿ ತಾತಾ,” ಎಂದಳು ಯುವಶ್ರೀ. “ಇಷ್ಟು ವರ್ಷದಲ್ಲಿ ಈ ಬಾಗಿಲು ದಾಟಿ ಬದುಕಿದವ್ರು ಇಲ್ಲ. ಏನೂ ಕಾರಣ ಇಲ್ಲದೆ ಸಾಯ್ತಾನೆ. ಯಾಕೆ?”

ಶಿವಬಾಲನ್ ದೊಡ್ಡ ಮನಸ್ಸು ಮಾಡಿದ. “ಅದು ನನ್ನ ತಪ್ಪು ಕಣಮ್ಮಾ. ಪ್ರೋಗ್ರಾಮಿನಾಗ ಒಂದು ಮಿಸ್ಟೇಕು. ಆಗ ಸಣ್ಣ ವಯಸ್ಸು, ಅವಸರ.”

“ತಪ್ಪಾ?” ಎಂದಿತು ಕಿಟಕಿ.

ಎಲ್ಲರೂ ತಿರುಗಿದರು. ಪೆರಿಯಣ್ಣನ್ ಸರಳು ಹಿಡಿದುಕೊಂಡು ಬಾಮೈದನನ್ನೇ ನೋಡುತ್ತ ನಿಂತಿದ್ದ. “ತೊಳುವಿಗೆ ಚಪ್ಪಲಿ ಹಾಕ್ಕಂಡು ನುಗ್ಗಿದ್ರೆ ಸಾಯದೆ ಇನ್ನೇನ್ ಮಾಡ್ತಾನೆ ಮಾಪ್ಳೆ? ಬಿಡಿಸು ಮಗಾ, ಮೊದ್ಲು ಚಪ್ಪಲಿ ಬಿಡಿಸು.”

ಹಜಾರದಲ್ಲಿದ್ದವರೆಲ್ಲ, ಅಧ್ಯಕ್ಷರೂ ಸೇರಿ, ತಮ್ಮ ತಮ್ಮ ಬರಿಗಾಲು ನೋಡಿಕೊಂಡರು. ಪ್ರತಿ ಪೊಂಗಲ್‌ಗೂ ಚಪ್ಪಲಿ ಬಿಟ್ಟು ಒಳಗೆ ಹೋಗುವವರೇ ಎಲ್ಲ. ಟಿವಿಯೊಳಗಿನವನಿಗೆ ಅದು ಬೇಕೆಂದು ಒಬ್ಬರಿಗೂ ಹೊಳೆದಿರಲಿಲ್ಲ.

“ತಾತಾ, ಆಟದಲ್ಲಿ ಎಲ್ಲೂ ಹೇಳಿಲ್ವಲ್ಲ?” ಎಂದಳು ಯುವಶ್ರೀ.

“ಅದನ್ನೂ ಹೇಳ್ಬೇಕಾ?” ಎಂದ ಅವನು. ನಿಜವಾಗಿಯೂ ಅವನಿಗೆ ಅರ್ಥವಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ಕೂತು ಆಡುವವರಿಗೆ ಗೊತ್ತಿರುವುದಿಲ್ಲ ಎಂಬುದು ಅಂದಿಗೂ ಹೊಳೆದಿಲ್ಲ, ಇಂದಿಗೂ ಹೊಳೆದಿಲ್ಲ.

ತಂಗಮ್ಮಾಳ್‌ಗೆ ಸಿಟ್ಟು ಬಂದದ್ದು ಬೇರೆ ಕಡೆಯಿಂದ. “ಅಲ್ಲ ಪಿಚ್ಚಕ್ಕಾ, ಹೆಂಡ್ತಿ ಕೊಟ್ಟ ಚಪ್ಪಲಿಯಿಂದ್ಲೇ ಸಾಯೋ ಹಂಗೆ ಮಾಡವ್ರೆ ನೋಡು!”

“ಯಾರು ಮಾಡವ್ರೆ?” ಎಂದೆ.

ಅವಳು ಕಿಟಕಿಯ ಕಡೆ ನೋಡಿ, ಸೆರಗು ಸರಿಮಾಡಿಕೊಂಡಳು.

ಯುವಶ್ರೀ ಮತ್ತೆ ಬಾಗಿಲಿನವರೆಗೆ ಬಂದು, ಚಪ್ಪಲಿ ಬಿಡಿಸಿ, ಒಳಗೆ ಹೋದಳು. ಚುಕ್ಕಿ ಸಾಯಲಿಲ್ಲ. ಕಬ್ಬಿನ ಕಟ್ಟು ಇಟ್ಟಳು. ದೊಡ್ಡ ಚುಕ್ಕಿಯೊಂದು ಮಂದೆಯಿಂದ ಎದ್ದು ಬಂದು ಬಾಯಿ ಹಾಕಿತು. ಹುಡುಗಿಯ ಕಣ್ಣಲ್ಲಿ ನೀರು. ಹಲ್ಲು ಕೀಳುವವರಿಗೂ ಕಣ್ಣೀರು ಬರುತ್ತದೆ ಎಂದು ಅಂದು ತಿಳಿಯಿತು. ಆದರೆ ಅವಳು ಮುಂದಿನ ಗುಂಡಿ ಒತ್ತಲಿಲ್ಲ. ಕೈ ಕಟ್ಟಿ ಕೂತಳು.

“ಚಪ್ಪಲಿ ವಿಷಯ ನಮ್ಮ ಜನ ಯಾರು ಬೇಕಾದ್ರೂ ಹೇಳಬಹುದು. ಆದ್ರೆ ಇಲ್ಲಿಂದ ಮುಂದೆ ಏನಿದೆ ಅಂತ ನೋಡಿದವರು ಭೂಮಿ ಮೇಲೆ ಯಾರೂ ಇಲ್ಲ, ಮಾಡಿದವರು ಒಬ್ಬರನ್ನ ಬಿಟ್ಟು. ಅಧ್ಯಕ್ಷ ತಾತಾ, ಮುಂದೆ ಏನು?”

“ಇನ್ನೇನು? ಹೋರಿಗೆ ಮಾಲೆ, ಮೇಳ, ಮುಗೀತು,” ಎಂದ ಶಿವಬಾಲನ್. ಸಂಘದ ಎಲ್ಲ ಕಾರ್ಯಕ್ರಮಗಳೂ ಹಾಗೆಯೇ ಮುಗಿಯುತ್ತವೆ.

“ಕಿಟಕಿ ತಾತಾ?”

ಪೆರಿಯಣ್ಣನ್ ಸರಳು ಬಿಟ್ಟು, ಮತ್ತೆ ಹಿಡಿದ. ಹೆಂಡತಿಯ ಕಡೆ ನೋಡಿದ. ನಾನು ಅವನ ಬಾಯಿ ನೋಡುತ್ತಿದ್ದೆ. ಹುಲಿಯೋ ಗಾಳಿಯೋ ಏನೋ ಬರುತ್ತದೆ ಎಂದುಕೊಂಡೆ.

“ಹೊರಗೆ ಬಂದ್ರೆ ಚಪ್ಪಲಿ ಇರಲ್ಲ,” ಎಂದ. “ಯಾರು ಹಾಕ್ಕಂಡು ಹೋದ್ರು ಅಂತ ಆಗ್ಲೇ ಹೇಳಿದ್ದೆ. ನಂಬಲಿಲ್ಲ. ಅದ್ಕೇ ಬರೆದಿಟ್ಟೆ.”

ಯುವಶ್ರೀ ಗುಂಡಿ ಒತ್ತಿದಳು. ಚುಕ್ಕಿ ಬಾಗಿಲಿಂದ ಹೊರಗೆ ಬಂತು. ಮಾಲೆಯಿಲ್ಲ, ಮೇಳವಿಲ್ಲ. ಒಂದು ಸಾಲು ಬಂತು. ಅವಳು ಓದಿ, ನಮ್ಮ ಮಾತಿಗೆ ತಿರುಗಿಸಲು ಸ್ವಲ್ಪ ಹೊತ್ತು ತೆಗೆದುಕೊಂಡಳು.

“ಮಂದೆಗೆ ರಾಜ ಸಿಕ್ಕಿದ. ನಿನ್ನ ಚಪ್ಪಲಿ ಇಲ್ಲ. ನಿನ್ನ ಹೆಂಡತಿಯ ತಮ್ಮ ಹಾಕಿಕೊಂಡು ದೂರದೇಶಕ್ಕೆ ಹೋದ. ಬರಿಗಾಲಲ್ಲಿ ಮನೆಗೆ ನಡೆ. ಅವಳು ನಂಬುವುದಿಲ್ಲ.”

ತನ್ನ ಕಳ್ಳತನವನ್ನು ತಾನೇ ಮಡಚಿ ಚೀಲಕ್ಕೆ ಹಾಕಿಕೊಂಡು ಸಮುದ್ರ ದಾಟಿಸಿ, ಇಂಗ್ಲಿಷಿನವನ ಕೈಗೆ ಕೊಟ್ಟು, ಕೆಳಗೆ ತನ್ನದೇ ಅಕ್ಷರ ಹಾಕಿದವನು ಶಿವಬಾಲನ್ ಒಬ್ಬನೇ ಇರಬೇಕು. ಆಟ ಆಡಿ ನೋಡಿದ್ದರೆ ತಿಳಿಯುತ್ತಿತ್ತು. ಅಧ್ಯಕ್ಷರಾಗುವವರಿಗೆ ಅಷ್ಟು ಪುರುಸೊತ್ತು ಎಲ್ಲಿ?

ತಂಗಮ್ಮಾಳ್ ಎದ್ದಳು. ಆಟದ ಸುದ್ದಿ, ಲಂಡನ್ನಿನ ಸುದ್ದಿ ಅವಳಿಗೆ ಬೇಕಿರಲಿಲ್ಲ.

“ಲೇ ಬಾಲಾ. ಹಾಕ್ಕಂಡು ಹೋದ್ಯಾ?”

“ಅಕ್ಕಾ, ಅದು... ಹೊಸ ಬೂಟು ಕಚ್ತಾ ಇತ್ತು. ಬಸ್ಸು ಬೇರೆ ಬಂದ್ಬುಡ್ತು.”

“ಅವ್ವನ ಮೇಲೆ ಆಣೆ ಇಟ್ಯಲ್ಲೋ!”

“ಅವ್ವ ಆಮೇಲೂ ಎಷ್ಟು ವರ್ಷ ಗಟ್ಟಿಯಾಗಿದ್ಳಲ್ಲ ಅಕ್ಕಾ,” ಎಂದ ಅವನು. ತಾನೇ ಕಾಪಾಡಿದವನ ಹಾಗೆ.

ಯುವಶ್ರೀ ಕೆತ್ತಿಸಬೇಕಾದ ಹೆಸರನ್ನು ಫೋನಿನಲ್ಲಿ ಒತ್ತುತ್ತಿದ್ದ ಸದ್ದು. ಶಿವಬಾಲನ್ ಆ ಕಡೆ ತಿರುಗಿ, ಪೆಟ್ಟಿಗೆ ತನ್ನದಲ್ಲವೇ, ಕೆಳಗೆ ಸಣ್ಣದಾಗಿಯಾದರೂ ತನ್ನ ಹೆಸರು ಇರಲಿ ಎಂದ.

“ನೀವು ಆಟದೊಳಗೇ ಇದ್ದೀರಲ್ಲ ತಾತಾ,” ಎಂದಳು ಅವಳು.

ಶಾಲನ್ನು ಯಾರಿಗೂ ಹೊದಿಸಲಿಲ್ಲ. ಊಟ ಮಾಡಿಯೇ ಬಂದೆವು; ವಡೆ ಪಾಯಸ ಮಾಡಿದ್ದ ಅಡುಗೆಯವರು ಏನು ಪಾಪ ಮಾಡಿದ್ದರು? ಹೊರಡುವಾಗ ಜಗಲಿಯ ಕೆಳಗೆ ಪೆರಿಯಣ್ಣನ್ ಚಪ್ಪಲಿ ಇತ್ತು. ತಂಗಮ್ಮಾಳ್ ಅದು ಇದೆಯೇ ಎಂದು ಬಗ್ಗಿ ನೋಡಿದ್ದನ್ನು ನಾನು ನೋಡಿದೆ.

ಅಂದು ಸಾಯಂಕಾಲ ದೀಪ ಹಚ್ಚುವ ಹೊತ್ತಿಗೆ ಗೋಡೆಯಾಚೆಯಿಂದ ತಂಗಮ್ಮಾಳ್ ದನಿ, ಎಂದೂ ಕೇಳದ ಮೆತ್ತಗಿನ ದನಿ.

“ಇಲ್ಲಿ ಕೇಳಿ. ಹಂಗಾದ್ರೆ... ಆ ಹುಲಿ ಹತ್ರ ನಿಜವಾಗ್ಲೂ ಬೆಂಕಿ ಕೇಳಿದ್ರಾ?”

ನಾನು ಕೈಯಲ್ಲಿದ್ದ ಬೆಂಕಿಪೊಟ್ಟಣ ಹಾಗೆಯೇ ಹಿಡಿದು ನಿಂತೆ. ಪೆರಿಯಣ್ಣನ್ ಗಂಟಲು ಸರಿಮಾಡಿಕೊಂಡ. ಇಷ್ಟು ವರ್ಷದಲ್ಲಿ ಮೊದಲ ಸಲ ಅವನನ್ನು ನಂಬಲು ಒಬ್ಬರು ತಯಾರಾಗಿ ಕೂತಿದ್ದರು. ಅದಕ್ಕೆ ತಕ್ಕಂತೆ ಅವನೂ ಸತ್ಯಕ್ಕೆ ಸ್ವಲ್ಪ ಹತ್ತಿರ ಬಂದ.

“ಕೇಳ್ದೆ,” ಎಂದ. “ಆದ್ರೆ ನಿನ್ನ ಹತ್ರ ಯಾಕೆ ಮುಚ್ಚಿಡ್ಲಿ, ಅದು ಹುಲಿ ಅಲ್ಲ. ಚಿರತೆ.”